ವಾರಂಟಿ ಕ್ಲೇಮಿನಲ್ಲಿ ಸುಳ್ಳು: ಗ್ರಾಹಕರದ್ದು, ಸರ್ವಿಸ್ ಸೆಂಟರಿನದ್ದು, ಅಂಗಡಿಯದ್ದು. ಹಿಡಿಯೋದು ಹೇಗೆ?

ಕೌಂಟರ್_ಹಿಂದೆ

ಈ ಗುಂಪಿನಲ್ಲಿ ಎರಡು ಪ್ರಶ್ನೆ ಪದೇ ಪದೇ ಬರ್ತಿವೆ. ಒಂದು, "ಫೋನ್ ನೀರಿಗೆ ಬಿತ್ತು, ಸೆಂಟರಲ್ಲಿ ಏನಂತ ಹೇಳಿದ್ರೆ ಫ್ರೀ ಮಾಡಿಕೊಡ್ತಾರೆ?" ಇನ್ನೊಂದು, "ಒಂದು ಹನಿ ನೀರೂ ತಾಗಿಲ್ಲ, ಲಿಕ್ವಿಡ್ ಡ್ಯಾಮೇಜ್ ಅಂತ ಹೇಳಿ ದುಡ್ಡು ಕೇಳ್ತಿದ್ದಾರೆ, ಏನ್ ಮಾಡ್ಲಿ?" ಎರಡಕ್ಕೂ ಉತ್ತರ ಸಿಗೋದು ಸೆಟ್ಟಿನ ಒಳಗೆ ಉಳಿದ ಗುರುತಿನಲ್ಲಿ ಮತ್ತು ಸೆಟ್ ಕೊಡುವಾಗ ಬರೆಸಿಕೊಂಡ ಕಾಗದದಲ್ಲಿ. ಕೌಂಟರಲ್ಲಿ ಏನೇನು ನೋಡ್ತಾರೆ ಅಂತ ಮೊದಲು ಬಿಚ್ಚಿ ಹೇಳ್ತೀನಿ, ಉಳಿದವರು ಸೇರಿಸಿ.

ಮೊದಲು ಬಿಲ್ಲು. ಆಮೇಲೆ ಐಎಂಇಐ, ಅಂದ್ರೆ ಫೋನಿನ 15 ಅಂಕಿಯ ಗುರುತಿನ ಸಂಖ್ಯೆ. ಫೋನಲ್ಲಿ *#06# ಒತ್ತಿದಾಗ ಬರೋದು, ಡಬ್ಬಿ ಮೇಲಿರೋದು, ಬಿಲ್ಲಿನಲ್ಲಿರೋದು ಮೂರೂ ಒಂದೇ ಇರಬೇಕು. ಒಂದು ತಪ್ಪಿದ್ರೂ ಕ್ಲೇಮ್ ಅಲ್ಲೇ ನಿಲ್ಲುತ್ತೆ. ನಂತರ ಹೊರಮೈ: ಫ್ರೇಮಿನ ಮೂಲೆಯಲ್ಲಿ ಪೆಟ್ಟು, ಹಿಂಬದಿ ಅಂಟು ಎದ್ದಿದೆಯಾ, ಕೆಳಗಿನ ಸ್ಕ್ರೂಗಳ ತಲೆ ಸವೆದಿದೆಯಾ. ಸಿಮ್ ಟ್ರೇ ತೆಗೆದು ಟಾರ್ಚ್ ಬಿಟ್ಟರೆ ಬಹಳಷ್ಟು ಮಾಡೆಲ್‌ಗಳಲ್ಲಿ ಒಳಗೆ ಒಂದು ಪುಟ್ಟ ಬಿಳಿ ಚುಕ್ಕಿ ಕಾಣುತ್ತೆ. ನೀರು ತಾಗಿದ್ರೆ ಅದು ಕೆಂಪಾಗಿರುತ್ತೆ. ಬಿಳಿ ಪದರದ ಕೆಳಗೆ ಕೆಂಪು ಬಣ್ಣ ಇರುತ್ತೆ. ನೀರು ಹೀರಿಕೊಂಡಾಗ ಬಣ್ಣ ಕರಗಿ ಮೇಲಕ್ಕೆ ಹರಡುತ್ತೆ. ಒಣಗಿಸಿದರೂ ವಾಪಸ್ ಬಿಳಿ ಆಗಲ್ಲ. ಇಂಥ ಚುಕ್ಕಿ ಸಿಮ್ ಗೂಡಿನಲ್ಲಿ ಮಾತ್ರ ಅಲ್ಲ, ಬೋರ್ಡಿನ ಮೇಲೆ, ಬ್ಯಾಟರಿ ಕನೆಕ್ಟರ್ ಹತ್ತಿರ, ಚಾರ್ಜಿಂಗ್ ಬೋರ್ಡಿನ ಮೇಲೂ ಅಂಟಿಸಿರ್ತಾರೆ. ಹೊರಗಿನ ಒಂದನ್ನು ಬದಲಾಯಿಸಿದವರಿಗೆ ಒಳಗಿನದ್ದು ನೆನಪಿರಲ್ಲ.

ಸಿಮ್ ಗೂಡಿನ ಚುಕ್ಕಿ ಕೆಂಪಾದ ಮಾತ್ರಕ್ಕೆ ಬೋರ್ಡ್ ನೀರಿಂದಲೇ ಹೋಯ್ತು ಅಂತ ಹೇಳೋಕೂ ಬರಲ್ಲ. ಇದನ್ನ ಸೆಂಟರಿನವರೂ ಒಪ್ಪಬೇಕು. ಮೈಕ್ ಕೆಲಸ ಮಾಡ್ತಿಲ್ಲ ಅಂತ ಬಂದ ಸೆಟ್ಟಿಗೆ ಟ್ರೇ ಚುಕ್ಕಿ ನೋಡಿ ಎರಡೇ ನಿಮಿಷದಲ್ಲಿ "ವಾರಂಟಿ ಇಲ್ಲ" ಅಂದ್ರೆ ಅದು ತಪಾಸಣೆ ಅಲ್ಲ.

ಮೈಕ್ರೋಸ್ಕೋಪ್_ಬೆಂಚ್

ಚುಕ್ಕಿಗಿಂತ ಬೋರ್ಡು ಹೆಚ್ಚು ಹೇಳುತ್ತೆ. ತಾಮ್ರ ತುಕ್ಕು ಹಿಡಿದ್ರೆ ಹಸಿರು, ಬೆಸುಗೆ ಮೇಲೆ ಬೂದು ಅಥವಾ ಬಿಳಿ ಪುಡಿ. ಚಿಪ್ಪುಗಳನ್ನ ಮುಚ್ಚೋ ಲೋಹದ ಕವಚದ (ಶೀಲ್ಡ್) ಅಂಚಿನಲ್ಲಿ ನೀರು ನಿಂತು ಒಣಗಿದ ಗೆರೆ ಇರುತ್ತೆ. ಕಾಫಿ, ಜ್ಯೂಸ್ ಆದ್ರೆ ಕಂದು ಬಣ್ಣದ ಅಂಟು, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಉಜ್ಜಿದ್ರೂ ಚಿಪ್ಪಿನ ಅಡಿಯಿಂದ ಮತ್ತೆ ಹೊರಗೆ ಬರುತ್ತೆ.

"ಚಾರ್ಜಿಗೆ ಹಾಕಿದ್ದೆ ಅಷ್ಟೇ, ತಾನಾಗೇ ಡೆಡ್ ಆಯ್ತು" ಅನ್ನೋ ಮಾತನ್ನು ಟೈಪ್-ಸಿ ಪೋರ್ಟೇ ಒರೆಗೆ ಹಚ್ಚುತ್ತೆ. ಅದರಲ್ಲಿ 24 ಸಂಪರ್ಕ ಬಿಂದು. ಎ4, ಎ9, ಬಿ4, ಬಿ9 ಈ ನಾಲ್ಕರಲ್ಲಿ ಚಾರ್ಜಿನ ಪ್ಲಸ್ ವೋಲ್ಟೇಜ್ ಬರುತ್ತೆ. ಪೋರ್ಟ್ ಒದ್ದೆಯಿದ್ದಾಗ ಚಾರ್ಜರ್ ಚುಚ್ಚಿದ್ರೆ ಈ ನಾಲ್ಕು ಪಿನ್ನುಗಳ ಚಿನ್ನದ ಲೇಪ ಮತ್ತು ಕೆಳಗಿನ ಲೋಹ ಕರಗಿ ಕಪ್ಪಾಗ್ತವೆ, ತುದಿಯಲ್ಲಿರೋ ಗ್ರೌಂಡ್ ಪಿನ್ನುಗಳು ಹೊಳೀತಾನೇ ಇರ್ತವೆ. ಲೇಪನದ ದೋಷ ಆಗಿದ್ರೆ ಎಲ್ಲ ಪಿನ್ನಿಗೂ ಹೆಚ್ಚುಕಮ್ಮಿ ಒಂದೇ ಥರ ಆಗಬೇಕಿತ್ತು. ಪ್ಲಸ್ ಪಿನ್ನು ಮಾತ್ರ ತಿಂದಿದೆ ಅಂದ್ರೆ ಒದ್ದೆ ಪೋರ್ಟಿಗೆ ಕರೆಂಟ್ ಹೋಗಿದೆ ಅಂತಲೇ ಅರ್ಥ. ಇದನ್ನ 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪಿನಲ್ಲೇ ನೋಡಬಹುದು.

ಹೊರಗೆ ತೊಳೆಸಿ ತಂದ ಸೆಟ್ಟೂ ತಿಳಿಯುತ್ತೆ. ಶೀಲ್ಡ್ ಕ್ಲಿಪ್ ಒಮ್ಮೆ ಎತ್ತಿದ್ರೆ ಸ್ವಲ್ಪ ಬಾಗಿರುತ್ತೆ, ಕಾರ್ಖಾನೆ ಬೆಸುಗೆ ಸುತ್ತ ಇಲ್ಲದ ಫ್ಲಕ್ಸ್ ಜಿಡ್ಡು ಇಲ್ಲಿರುತ್ತೆ, ಹಿಂಬದಿ ಅಂಟಿನ ಬದಲು ಬಿ7000 ಥರದ ಗಮ್ ಇರುತ್ತೆ.

ಡಿಸ್‌ಪ್ಲೇ ವಿಷಯಕ್ಕೂ ಹೀಗೇ ನೋಡಬೇಕು. ಅಮೋಲೆಡ್‌ನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ನೇರ ಹಸಿರು ಗೆರೆ, ಸುತ್ತ ಮಸಿ ಇಲ್ಲ, ಗಾಜಿಗೆ ಪೆಟ್ಟಿಲ್ಲ ಅಂದ್ರೆ ಪ್ಯಾನೆಲ್ಲಿನ ಅಥವಾ ಅದರ ಫ್ಲೆಕ್ಸ್ ಜೋಡಣೆಯ ದೋಷದ ಕಡೆ ವಾಲುತ್ತೆ. ಗೆರೆಯ ಒಂದು ತುದಿಯಲ್ಲಿ ಮಸಿ ಹರಡಿದ ಹಾಗೆ ಕಪ್ಪು ಮಚ್ಚೆ ಇದ್ದು, ಅದೇ ಮೂಲೆಯ ಫ್ರೇಮು ಒಳಗೆ ಒತ್ತಿದ್ರೆ ಅದು ಬಿದ್ದ ಫೋನು. ಈ ಎರಡನ್ನ ಗೊತ್ತಿದ್ದೂ ಅದಲುಬದಲು ಮಾಡೋರು ಕೌಂಟರಿನ ಎರಡೂ ಕಡೆ ಇದ್ದಾರೆ.

ಕಡಲತಡಿ

ಮೇಲಿನ ಎರಡೂ ಪೋಸ್ಟು ಸರಿಯೇ, ಆದ್ರೆ ನಮ್ಮ ಕಡೆಯ ಹವೆ ಮರೀಬೇಡಿ ಮಾರಾಯ್ರೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಮಳೆಗಾಲದಲ್ಲಿ ಎಸಿ ರೂಮಿಂದ ಹೊರಗೆ ಬಂದ ಕೂಡ್ಲೇ ಕ್ಯಾಮೆರಾ ಗಾಜಿನ ಒಳಗೇ ಹಬೆ ಕೂರ್ತದೆ. ಐಫೋನಿನ ತಾಂತ್ರಿಕ ವಿವರದಲ್ಲಿ ಬಳಕೆಯ ಉಷ್ಣಾಂಶ 0ರಿಂದ 35 ಡಿಗ್ರಿ, ಆರ್ದ್ರತೆ ಶೇ. 5ರಿಂದ 95, ಅದೂ ನೀರಾಗಿ ಕೂರದ ಆರ್ದ್ರತೆ ಅಂತ ಬರೆದಿರ್ತಾರೆ. ಆ ಕೊನೇ ಮಾತೇ ಮುಖ್ಯ. ಆರ್ದ್ರತೆ ಬೇರೆ, ಹಬೆ ನೀರಾಗಿ ಕೂರೋದು ಬೇರೆ.

ಚುಕ್ಕಿ ಒಂದನ್ನೇ ನಂಬಿ ನಿರಾಕರಿಸಿದ್ದಕ್ಕೆ ದೊಡ್ಡ ಬೆಲೆ ಕೊಟ್ಟ ಉದಾಹರಣೆ ಇದೆ. ಹಳೇ ಐಫೋನ್, ಐಪಾಡ್ ಟಚ್‌ಗಳಲ್ಲಿ ಹೆಡ್‌ಫೋನ್ ಜ್ಯಾಕ್, ಚಾರ್ಜಿಂಗ್ ಪೋರ್ಟಿನ ಚುಕ್ಕಿ ಬಣ್ಣ ತಿರುಗಿದ್ದನ್ನ ನೋಡಿ ವಾರಂಟಿ ಕೊಡಲಿಲ್ಲ ಅಂತ ಅಮೆರಿಕದಲ್ಲಿ ಗ್ರಾಹಕರು ಸಾಮೂಹಿಕ ದಾವೆ ಹೂಡಿದ್ರು. 2013ರಲ್ಲಿ ಆ್ಯಪಲ್ 5.3 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು.

ಹಾಗಾಗಿ ಕೆಂಪು ಚುಕ್ಕಿ ಅಂದಾಗ ಕೇಳಬೇಕಾದ್ದು: ಯಾವ ಜಾಗದ ಚುಕ್ಕಿ? ಒಳಗಿನದ್ದೂ ಕೆಂಪಾಗಿದೆಯಾ? ತುಕ್ಕು ಎಲ್ಲಿದೆ? ಆ ತುಕ್ಕಿಗೂ ನಾನು ಹೇಳಿದ ದೋಷಕ್ಕೂ ಏನು ಸಂಬಂಧ? ಫೋಟೋದಲ್ಲಿ ಬೋರ್ಡಿನ ಜೊತೆಗೆ ನನ್ನ ಸೆಟ್ಟಿನ ಐಎಂಇಐ ಅಥವಾ ಜಾಬ್ ಶೀಟ್ (ಸೆಟ್ ಪಡೆದಾಗ ಸೆಂಟರಿನವರು ಕೊಡೋ ಚೀಟಿ) ನಂಬರ್ ಒಂದೇ ಚೌಕಟ್ಟಿನಲ್ಲಿ ಬರಬೇಕು. ಇಲ್ಲಾಂದ್ರೆ ಯಾರದೋ ಸೆಟ್ಟಿನ ಫೋಟೋ ತೋರಿಸಿದ್ರೂ ನಮಗೆ ಗೊತ್ತಾಗ್ಲಿಕ್ಕಿಲ್ಲ.

ನೀರು, ಧೂಳು ತಡೆಯೋ ಮಟ್ಟ ಐಪಿ68 ಅಂತ ಬರೆದಿದೆ, ಹಾಗಾಗಿ ನೀರಿಗೆ ಬಿದ್ರೂ ವಾರಂಟಿ ಉಂಟು ಅಂತ ತಿಳ್ಕೊಳ್ಳೋದು ಬೇಡ. ಐಪಿ67 ಅಂದ್ರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ಐಪಿ68ರ ಆಳ, ಸಮಯ ಎಷ್ಟು ಅಂತ ತಯಾರಕರೇ ಹೇಳ್ತಾರೆ. ಪರೀಕ್ಷೆ ಹೊಸ ಸೆಟ್ಟಿನ ಮೇಲೆ, ಸಿಹಿನೀರಿನಲ್ಲಿ. ಸಮುದ್ರದ ಉಪ್ಪುನೀರು, ಸೋಪುನೀರು ಬೇರೆಯೇ ಕತೆ. ಹೆಚ್ಚಿನ ಕಂಪನಿಗಳ ಷರತ್ತಿನಲ್ಲಿ ನೀರಿನ ಹಾನಿ ವಾರಂಟಿಯ ಹೊರಗೇ ಇದೆ. ಜಾಹೀರಾತಿನಲ್ಲಿ ಫೋನನ್ನ ಈಜುಕೊಳಕ್ಕೆ ಎಸೆಯೋದು ತೋರಿಸಿ, ಷರತ್ತಿನಲ್ಲಿ ಹೀಗೆ ಬರೆಯೋದು ನನ್ನ ಪ್ರಕಾರ ಅಪ್ರಾಮಾಣಿಕತೆಯೇ.

ರಾಯಚೂರು_ಹುಡುಗ

ಇಷ್ಟೆಲ್ಲಾ ಓದಿದ ಮೇಲೂ ಒಂದು ಪ್ರಶ್ನೆ ಉಳೀತು. ಕಂಪನಿಗಳು ಸಾವಿರಾರು ಕೋಟಿ ಲಾಭ ಮಾಡ್ತವೆ. ಚಾರ್ಜರ್ ಡಬ್ಬಿಯಿಂದ ತೆಗೆದ್ರು, ಬೆಲೆ ಇಳಿಸಲಿಲ್ಲ. ಒಬ್ಬ ಗ್ರಾಹಕ "ಬಿದ್ದಿಲ್ಲ" ಅಂತ ಒಂದು ಸುಳ್ಳು ಹೇಳಿದ್ರೆ ಕಂಪನಿಗೆ ಏನು ನಷ್ಟ? ಅವರು ಮಾಡೋ ಮೋಸದ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಕೌಂಟರ್_ಹಿಂದೆ

ನಷ್ಟ ಕಂಪನಿ ತಲೆ ಮೇಲೆ ಬರುತ್ತೆ ಅಂತ ಅಂದ್ಕೊಂಡಿದ್ದೀರಿ, ಅಲ್ಲೇ ಲೆಕ್ಕ ತಪ್ಪಿದ್ದು. ಊರಿನಲ್ಲಿರೋ ಅಧಿಕೃತ ಸೆಂಟರ್ ಸಾಮಾನ್ಯವಾಗಿ ಕಂಪನಿಯದ್ದಲ್ಲ, ಫ್ರಾಂಚೈಸಿ. ವಾರಂಟಿಯಲ್ಲಿ ಪಾರ್ಟ್ ಹಾಕಿದ್ರೆ ಹಳೇ ಪಾರ್ಟನ್ನ ಕಂಪನಿಗೆ ವಾಪಸ್ ಕಳಿಸಬೇಕು. ಅಲ್ಲಿ ಪರೀಕ್ಷೆ ಆಗಿ, ನೀರಿನ ಗುರುತೋ ಪೆಟ್ಟಿನ ಗುರುತೋ ಸಿಕ್ಕಿದ್ರೆ ಆ ಪಾರ್ಟಿನ ಬೆಲೆಯನ್ನ ಸೆಂಟರಿನ ಖಾತೆಗೇ ಡೆಬಿಟ್ ಹಾಕ್ತಾರೆ. ಒಂದು ಸೆಟ್ಟಿಗೆ ಕಂಪನಿ ಕೊಡೋ ಮಜೂರಿ ನೂರರ ಲೆಕ್ಕದಲ್ಲಿದ್ರೆ, ಒಂದು ಬೋರ್ಡಿನ ಡೆಬಿಟ್ ಸಾವಿರಗಳ ಲೆಕ್ಕದಲ್ಲಿರುತ್ತೆ. ಕೆಲವು ಕಡೆ ಅದನ್ನ ಹುಡುಗರ ಸಂಬಳದಲ್ಲೇ ಮುರೀತಾರೆ.

ನಿಜವಾದ ಕ್ಲೇಮನ್ನೂ ಸೆಂಟರಿನವರು ಭಯದಿಂದ ತಿರಸ್ಕರಿಸೋಕೆ ಇದೇ ದೊಡ್ಡ ಕಾರಣ. ಅನುಮಾನ ಇದ್ರೆ "ಇಲ್ಲ" ಅನ್ನೋದು ಅವರಿಗೆ ಕ್ಷೇಮ. ಗ್ರಾಹಕರು ಒಂದು ಸುಳ್ಳನ್ನ ದಾಟಿಸಿದಾಗ ಅದರ ಬೆಲೆಯನ್ನ ಮುಂದಿನ ತಿಂಗಳು ಬರೋ ಪ್ರಾಮಾಣಿಕ ಗ್ರಾಹಕರು ಕೊಡ್ತಾರೆ. ಈ ಡೆಬಿಟ್ ಪದ್ಧತಿಯನ್ನ ರೂಪಿಸಿದ್ದು ಕಂಪನಿ, ಅದರ ಹೊಣೆ ಅವರದ್ದೇ, ನಾನು ಅದನ್ನ ಸಮರ್ಥಿಸ್ತಾ ಇಲ್ಲ. ಆದ್ರೆ ಸುಳ್ಳಿನಿಂದ ಕಂಪನಿಗೆ ಬಿಸಿ ತಟ್ಟುತ್ತೆ ಅನ್ನೋದು ನಿಜ ಅಲ್ಲ.

ಗ್ರಾಹಕ_ಕಾನೂನು

ಕಾನೂನಿನ ಕಡೆಯಿಂದ ಹೇಳೋದಾದ್ರೆ, ಸುಳ್ಳಿನ ಅಪಾಯ ದುಡ್ಡಿಗಷ್ಟೇ ನಿಲ್ಲಲ್ಲ. ಜಾಬ್ ಶೀಟಿನಲ್ಲಿ "ನೀರು ತಾಗಿಲ್ಲ, ಬಿದ್ದಿಲ್ಲ" ಅಂತ ಬರೆಸಿ ಸಹಿ ಹಾಕ್ತೀರಿ. ಮುಂದೆ ಗ್ರಾಹಕ ಆಯೋಗದಲ್ಲಿ ಲ್ಯಾಬ್ ವರದಿ ಬೇರೆ ಹೇಳಿದ್ರೆ ನಿಮ್ಮ ಉಳಿದ ದೂರೂ ನಂಬಿಕೆ ಕಳ್ಕೊಳ್ಳುತ್ತೆ, ಅದರಲ್ಲಿ ಸತ್ಯ ಇದ್ರೂ ಸರಿ. ಸೆಟ್ಟಿನಲ್ಲಿ ಸ್ಪೀಕರ್ ದೋಷ ಮೊದಲ ದಿನದಿಂದ ಇತ್ತು, ಆಮೇಲೆ ಫೋನ್ ಬಿದ್ದು ಮೂಲೆ ಒಡೆಯಿತು ಅಂತಿಟ್ಟುಕೊಳ್ಳಿ. ಬಿದ್ದಿದ್ದನ್ನ ಒಪ್ಪಿಕೊಂಡು "ಈ ಪೆಟ್ಟಿಗೂ ಸ್ಪೀಕರಿಗೂ ಸಂಬಂಧ ಇಲ್ಲ, ದೂರು ಬಿದ್ದದ್ದಕ್ಕಿಂತ ಮುಂಚಿನದು" ಅಂತ ವಾದಿಸಬಹುದು. ಬಿದ್ದೇ ಇಲ್ಲ ಅಂದವರಿಗೆ ಆ ದಾರಿ ಮುಚ್ಚಿಹೋಗುತ್ತೆ.

ಬಿಲ್ಲಿನ ದಿನಾಂಕ ತಿದ್ದೋದು, ಬೇರೆ ಸೆಟ್ಟಿನ ಸೀರಿಯಲ್ ಸ್ಟಿಕ್ಕರ್ ಅಂಟಿಸೋದು ಬರೀ ಸುಳ್ಳಲ್ಲ, ಅಪರಾಧ. ವಂಚಿಸಿ ಸ್ವತ್ತು ಪಡೆಯೋದು ಭಾರತೀಯ ನ್ಯಾಯ ಸಂಹಿತೆಯ 318(4)ರಲ್ಲಿ ಬರುತ್ತೆ, 7 ವರ್ಷದವರೆಗೆ ಸಜೆ. ಸುಳ್ಳು ದಾಖಲೆ ಸೃಷ್ಟಿ 336, ಅದನ್ನ ಅಸಲಿಯೆಂದು ಬಳಸೋದು 340. ಐಎಂಇಐ ತಿದ್ದಿದ್ರೆ ದೂರಸಂಪರ್ಕ ಕಾಯ್ದೆ 2023ರಡಿ 3 ವರ್ಷದವರೆಗೆ ಸಜೆ, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇದನ್ನೇ ದಂಧೆ ಮಾಡಿಕೊಂಡವರ ಗತಿಗೆ ಅಮೆರಿಕದ ಎರಡು ಪ್ರಕರಣ ನೋಡಿ. ಒರೆಗಾನ್‌ನಲ್ಲಿ ಒಬ್ಬ ವಿದ್ಯಾರ್ಥಿ ನಕಲಿ ಐಫೋನ್‌ಗಳನ್ನ "ಆನ್ ಆಗ್ತಿಲ್ಲ" ಅಂತ ವಾರಂಟಿಗೆ ಕಳಿಸಿ ಸುಮಾರು 1,500 ಅಸಲಿ ಫೋನ್ ಪಡೆದಿದ್ದ. 2019ರಲ್ಲಿ 37 ತಿಂಗಳ ಸಜೆ ಆಯ್ತು. ಆನ್ ಆಗದ ಸೆಟ್ಟಾದ್ರೆ ಅಸಲಿಯೋ ನಕಲಿಯೋ ಅಂತ ಕೌಂಟರಲ್ಲಿ ತಕ್ಷಣ ಪರೀಕ್ಷಿಸೋಕೆ ಆಗಲ್ಲ, ಆ ಸಂದನ್ನೇ ಬಳಸಿಕೊಂಡಿದ್ದ. ಮೇರಿಲ್ಯಾಂಡ್ ಕಡೆಯ ಇಬ್ಬರು 2017ರಿಂದ 2019ರವರೆಗೆ 5,000ಕ್ಕೂ ಹೆಚ್ಚು ನಕಲಿ ಫೋನ್‌ಗಳನ್ನ ಇದೇ ಥರ ಕಳಿಸಿದ್ರು. 2024ರಲ್ಲಿ ಒಬ್ಬನಿಗೆ 57, ಇನ್ನೊಬ್ಬನಿಗೆ 54 ತಿಂಗಳ ಸಜೆ.

ಟಿವಿ_ಪವರ್_ಬೋರ್ಡ್

ಫೋನ್ ಬಿಟ್ಟು ಟಿವಿಗೆ ಬರೋಣ. "ಸುಮ್ನೆ ಆಫ್ ಆಯ್ತು" ಅಂತ ಬರೋ ಟಿವಿಗಳಲ್ಲಿ ವೋಲ್ಟೇಜ್ ಹೊಡೆದದ್ದು ಯಾವುದು, ಬೋರ್ಡಿನ ದೋಷ ಯಾವುದು ಅನ್ನೋದು ಹಿಂಬದಿ ಕವರ್ ತೆಗೆದ ತಕ್ಷಣ ಬಹುಮಟ್ಟಿಗೆ ಗೊತ್ತಾಗುತ್ತೆ.

ಪವರ್ ಬೋರ್ಡಿನಲ್ಲಿ ಕರೆಂಟ್ ಒಳಬರೋ ಕಡೆ ಫ್ಯೂಸ್, ಅದರ ಪಕ್ಕ ನೀಲಿ ಅಥವಾ ಕೆಂಪು ಬಿಲ್ಲೆಯ ಹಾಗಿರೋ ಎಂಒವಿ, ಅಂದ್ರೆ ವೋಲ್ಟೇಜ್ ದಿಢೀರ್ ಏರಿದಾಗ ಹೀರಿಕೊಳ್ಳೋ ಭಾಗ. ಮೇಲೆ 471 ಅಂತಿದ್ರೆ ಅದು 300 ವೋಲ್ಟ್ ಎಸಿವರೆಗಿನದು, 431 ಅಂತಿದ್ರೆ 275 ವೋಲ್ಟಿನದು. ಕಂಬದಲ್ಲಿ ನ್ಯೂಟ್ರಲ್ ಕಿತ್ತುಹೋದ್ರೆ ಎರಡು ಫೇಸಿನ ಮನೆಗಳು ಸರಣಿಯಲ್ಲಿ ಸೇರಿದಂತಾಗಿ 415 ವೋಲ್ಟ್ ಅವುಗಳ ನಡುವೆ ಹಂಚಿಹೋಗುತ್ತೆ. ಲೋಡ್ ಕಡಿಮೆ ಇರೋ ಮನೆಗೆ ವೋಲ್ಟೇಜ್ ಜಾಸ್ತಿ. ಆಗ ಎಂಒವಿ ಸಿಡಿದು ಎರಡು ಹೋಳಾಗಿರುತ್ತೆ, ಫ್ಯೂಸಿನ ಗಾಜು ಒಳಗೆ ಪೂರ್ತಿ ಕಪ್ಪು, 400 ಅಥವಾ 450 ವೋಲ್ಟಿನ ದೊಡ್ಡ ಕೆಪ್ಯಾಸಿಟರ್ ತಲೆ ಉಬ್ಬಿರುತ್ತೆ. 415 ವೋಲ್ಟ್ ಎಸಿ ಅಂದ್ರೆ ಶಿಖರದಲ್ಲಿ 587 ವೋಲ್ಟ್, ಅದು ತಡಕೊಳ್ಳಲ್ಲ. ಇದು ತಯಾರಿಕೆಯ ದೋಷ ಅಲ್ಲ, ಬಹಳ ಕಂಪನಿಗಳ ಷರತ್ತಿನಲ್ಲಿ ಹೊರಗಿಟ್ಟ ಹಾನಿ.

ಎಂಒವಿ, ಫ್ಯೂಸ್ ಎರಡೂ ಸರಿ ಇದ್ದು ಸ್ಟ್ಯಾಂಡ್‌ಬೈ 5 ವೋಲ್ಟ್ ಬರ್ತಿಲ್ಲ, ಔಟ್‌ಪುಟ್ ಕಡೆಯ 16 ಅಥವಾ 25 ವೋಲ್ಟಿನ ಕೆಪ್ಯಾಸಿಟರ್ ಉಬ್ಬಿದೆ ಅಂದ್ರೆ ಅದನ್ನ "ವೋಲ್ಟೇಜ್ ಏರಿಳಿತ" ಅಂತ ಬರೆದು ವಾರಂಟಿ ತಪ್ಪಿಸೋದು ಸೆಂಟರಿನ ಸುಳ್ಳು. ಹಾಗೇ ಧ್ವನಿ ಬರುತ್ತೆ ಚಿತ್ರ ಇಲ್ಲ ಅಂದ್ರೆ ಕತ್ತಲಲ್ಲಿ ಪರದೆಗೆ ಟಾರ್ಚ್ ಓರೆಯಾಗಿ ಹಿಡೀರಿ. ಚಿತ್ರ ಮಸುಕಾಗಿ ಕಂಡ್ರೆ ಹೋಗಿರೋದು ಬ್ಯಾಕ್‌ಲೈಟು, ಪ್ಯಾನೆಲ್ ಅಲ್ಲ. ಬ್ಯಾಕ್‌ಲೈಟ್ ಪಟ್ಟಿ ಬದಲಿಸೋ ಜಾಗದಲ್ಲಿ "ಪ್ಯಾನೆಲ್ ಹೋಗಿದೆ, ಹೊಸ ಟಿವಿಯ ಅರ್ಧ ಬೆಲೆ ಆಗುತ್ತೆ" ಅನ್ನೋದು ತೀರಾ ಸಾಮಾನ್ಯವಾದ ಮೋಸ.

ನ್ಯೂಟ್ರಲ್ ಹೋಗಿ ಬೀದಿಯ ನಾಲ್ಕಾರು ಮನೆಯ ಸಾಮಾನು ಒಟ್ಟಿಗೆ ಸುಟ್ಟಿದ್ರೆ ಕಂಪನಿಗೆ ಸುಳ್ಳು ಹೇಳಬೇಡಿ. ವಿದ್ಯುತ್ ದೂರಿನ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ, ನಂಬರ್ ತಗೊಳ್ಳಿ, ಅಕ್ಕಪಕ್ಕದವರ ದೂರೂ ಅದೇ ದಿನ ಆಗಲಿ. ಪರಿಹಾರ ಕೇಳಬೇಕಾದ್ದು ವಿದ್ಯುತ್ ಸರಬರಾಜು ಕಂಪನಿಯ ಹತ್ತಿರ.

ಹುಬ್ಳಿ_ಬ್ಯಾಟರಿ

ಇನ್ವರ್ಟರ್ ಬ್ಯಾಟರಿ ಬಗ್ಗೆ ಯಾರೂ ಬರೀಲಿಲ್ಲಲ್ರಿ, ಮೋಸ ಹೆಚ್ಚಾಗೂದು ಅಲ್ಲೇ. ಟ್ಯೂಬುಲರ್ ಬ್ಯಾಟರಿ ವಾರಂಟಿ ಎರಡು ಭಾಗ ಇರ್ತದ. ಮೊದ್ಲಿನ ಇಷ್ಟು ತಿಂಗಳು ಪುಕ್ಕಟೆ ಬದಲಿ, ಉಳಿದ ತಿಂಗಳು ಪ್ರೊ-ರೇಟಾ, ಅಂದ್ರ ಹೊಸದರ ಬೆಲೆಯೊಳಗ ರಿಯಾಯಿತಿ ಅಷ್ಟ. ಅಂಗಡಿಯಾವ "60 ತಿಂಗಳ ವಾರಂಟಿ" ಅಂತಾನ, ಈ ಎರಡು ಭಾಗ ಬಿಡಿಸಿ ಹೇಳೂದಿಲ್ಲ. ಬದಲಿ ಕೊಟ್ಟ ಬ್ಯಾಟರಿಗೆ ಮತ್ತ ಹೊಸ ವಾರಂಟಿ ಶುರು ಆಗೂದಿಲ್ಲ, ಮೊದಲಿನದರಾಗ ಉಳಿದಷ್ಟ ತಿಂಗಳ ಇರ್ತದ.

ಪರೀಕ್ಷೆ ಹಿಂಗ ಮಾಡ್ರಿ. ಪೂರ್ತಿ ಚಾರ್ಜ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಆರೂ ಸೆಲ್ಲಿಗೆ ಹೈಡ್ರೋಮೀಟರ್ (ಆ್ಯಸಿಡ್ ಸಾಂದ್ರತೆ ಅಳಿಯೂ ಸಾಧನ) ಹಾಕಿ ಬರಕೊಳ್ರಿ. ಚೊಲೊ ಬ್ಯಾಟರಿ 1.220ರಿಂದ 1.240 ಆಸುಪಾಸು ತೋರಸ್ತದ. ಐದು ಸೆಲ್ 1.230, ಒಂದ ಸೆಲ್ 1.100 ಅಂದ್ರ ಆ ಒಂದು ಸೆಲ್ ಸತ್ತದ, ಗಟ್ಟಿ ವಾರಂಟಿ ಕೇಸು. ಆರೂ ಸೆಲ್ 1.280 ದಾಟಿದ್ರ ಡಿಸ್ಟಿಲ್ಡ್ ನೀರಿನ ಬದಲಿ ಆ್ಯಸಿಡ್ ಹಾಕ್ಯಾರ, ಅದನ್ನ ಕಂಪನಿ ಒಪ್ಪೂದಿಲ್ಲ, ಒಪ್ಪಬಾರದೂ. ನೀರ ಹಾಕದೆ ಪ್ಲೇಟ್ ಒಣಗಿಸಿದ್ದೂ ನೀರಿನ ಮಟ್ಟ ತೋರಿಸೂ ಫ್ಲೋಟ್ ಬಿಚ್ಚಿದ್ರ ಕಾಣ್ತದ.

ಡೀಲರ್ ಕಡೆ ಮೋಸ ಅಂದ್ರ, ಹಳೇ ಸ್ಟಾಕ್ ಮಾರಿ ಕಾರ್ಡಿನ ಮ್ಯಾಲೆ ದಿನಾಂಕ ಖಾಲಿ ಬಿಡೂದು. ವಾರಂಟಿಗೆ ಬಂದಾಗ "ತಯಾರಿ ದಿನಾಂಕದಿಂದ ಲೆಕ್ಕ" ಅಂತಾರ. ಕೊಳ್ಳೂವಾಗ ಬ್ಯಾಟರಿ ಮೈಮ್ಯಾಗಿನ ಕೋಡ್, ಬಿಲ್ಲಿನ ಸೀರಿಯಲ್ ತಾಳೆ ನೋಡಿ, ಅಂಗಡಿಯೊಳಗ ನಿಂತ ಆನ್‌ಲೈನ್ ನೋಂದಣಿ ಮಾಡ್ಸಿ ಬರ್ರಿ.

ಎಸ್‌ಪಿ_ರೋಡ್

ಬಿಲ್ಲು ಮತ್ತು ನಂಬರ್ ಬಗ್ಗೆ ನನ್ನ ಕಡೆಯಿಂದ.

ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲೆರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಂಗಡಿಯ ಪ್ಯಾನ್. ಜಿಎಸ್‌ಟಿ ಪೋರ್ಟಲಿನಲ್ಲಿ ಲಾಗಿನ್ ಇಲ್ಲದೇ ಹುಡುಕಬಹುದು. ಬಿಲ್ಲಿನಲ್ಲಿರೋ ಹೆಸರಿಗೂ ಅಲ್ಲಿನ ಹೆಸರಿಗೂ ತಾಳೆ ಆಗದಿದ್ರೆ, ನೋಂದಣಿ ರದ್ದು ಅಂತ ತೋರಿಸಿದ್ರೆ ಆ ಬಿಲ್ಲು ವಾರಂಟಿಗೆ ನಿಲ್ಲೋದು ಕಷ್ಟ.

ಐಎಂಇಐ ಕೊನೇ ಅಂಕಿ ತಪಾಸಣೆಯ ಅಂಕಿ. 490154203237518 ಅನ್ನೋ ಮಾದರಿ ಸಂಖ್ಯೆ ತಗೊಳ್ಳಿ. ಮೊದಲ 14 ಅಂಕಿಗಳಲ್ಲಿ ಎರಡನೇದು, ನಾಲ್ಕನೇದು, ಆರನೇದು ಹೀಗೆ ಸಮ ಸ್ಥಾನದವನ್ನ ಎರಡರಿಂದ ಗುಣಿಸಿ. ಎರಡಂಕಿ ಬಂದ್ರೆ ಆ ಎರಡನ್ನೂ ಕೂಡಿಸಿ. 9, 1, 4, 0, 2, 7, 1 ಇವು 9, 2, 8, 0, 4, 5, 2 ಆಗ್ತವೆ, ಮೊತ್ತ 30. ಬೆಸ ಸ್ಥಾನದ 4, 0, 5, 2, 3, 3, 5 ಸೇರಿದ್ರೆ 22. ಒಟ್ಟು 52. ಅರವತ್ತಕ್ಕೆ 8 ಬೇಕು, ಕೊನೇ ಅಂಕಿ 8, ಸರಿ ಹೋಯ್ತು. ಬಾಯಿಗೆ ಬಂದ ನಂಬರ್ ಕೆತ್ತಿದ ನಕಲಿ ಡಬ್ಬಿಗಳು ಇಲ್ಲೇ ಸಿಕ್ಕಿಬೀಳ್ತವೆ. ಬೇರೆ ಅಸಲಿ ಫೋನಿನ ನಂಬರ್ ಕದ್ದು ಹಾಕಿದ್ರೆ ಮಾತ್ರ ಈ ಲೆಕ್ಕ ಸಾಲಲ್ಲ. ಆಗ ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ, ಅಥವಾ ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲಿ ನೋಡಿ. ಮಾಡೆಲ್ ಹೆಸರು ಕೈಯಲ್ಲಿರೋ ಸೆಟ್ಟಿಗೆ ಹೊಂದಬೇಕು.

ಆಮದು ಕ್ಯಾಮೆರಾ, ಲೆನ್ಸ್ "ಮೂರು ಸಾವಿರ ಕಡಿಮೆ, ಬಿಲ್ ಬೇಡ" ಅಂತ ಕೊಟ್ರೆ ಡಬ್ಬಿಯ ಮೇಲೆ ಭಾರತದ ಆಮದುದಾರರ ಹೆಸರು ವಿಳಾಸ, ಎಂಆರ್‌ಪಿ, ತಿಂಗಳು ವರ್ಷ, ಗ್ರಾಹಕ ಸೇವೆಯ ವಿವರ ಇರೋ ಚೀಟಿ ಇದೆಯಾ ನೋಡಿ. 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ಅದು ಇರಲೇಬೇಕು. ಇಲ್ಲ ಅಂದ್ರೆ ಗ್ರೇ ಮಾಲು (ಅಧಿಕೃತ ಆಮದುದಾರರ ಮೂಲಕ ಬರದೇ ಇರೋದು), ಇಲ್ಲಿನ ವಾರಂಟಿ ಬಹುತೇಕ ಸಿಗಲ್ಲ. ಅಂಗಡಿ ವಾರಂಟಿ ಅಂತ ಕೊಡೋ ಚೀಟಿಗೆ ಆ ಅಂಗಡಿ ಇರೋವರೆಗೆ ಮಾತ್ರ ಬೆಲೆ.

ಹಾರ್ಡ್ ಡಿಸ್ಕ್ ಕೊಳ್ಳೋರಿಗೆ: 2025ರ ಆರಂಭದಲ್ಲಿ ಯುರೋಪಿನಲ್ಲಿ ಸೀಗೇಟ್‌ನ ಬಳಸಿದ ಡಿಸ್ಕ್‌ಗಳನ್ನ ಹೊಸದು ಅಂತ ಮಾರಿದ್ದು ಬಯಲಾಯ್ತು. ಕ್ರಿಪ್ಟೋ ಗಣಿಗಾರಿಕೆಯಲ್ಲಿ ಓಡಿದ್ದವು ಅನ್ನೋ ಶಂಕೆ ಇತ್ತು. ಮಾರಿದವರು ಡಿಸ್ಕ್ ಎಷ್ಟು ಓಡಿದೆ ಅಂತ ತೋರಿಸೋ ಸ್ಮಾರ್ಟ್ ಲೆಕ್ಕವನ್ನ ಸೊನ್ನೆ ಮಾಡಿದ್ರು, ಆದ್ರೆ ಡಿಸ್ಕಿನೊಳಗಿನ ಫಾರ್ಮ್ ಅನ್ನೋ ಇನ್ನೊಂದು ದಾಖಲೆಯಲ್ಲಿ ಓಡಿದ ಗಂಟೆಗಳು ಹಾಗೇ ಉಳಿದಿದ್ವು. ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನೋ ತಂತ್ರಾಂಶದ 7.4 ಅಥವಾ ನಂತರದ ಆವೃತ್ತಿ ಅದನ್ನ ಓದುತ್ತೆ. ಎರಡು ಕಡೆಯ ಗಂಟೆ ತಾಳೆ ಆಗದಿದ್ರೆ ವಾಪಸ್ ಕೊಡಿ. ಜೊತೆಗೆ ತಯಾರಕರ ಜಾಲತಾಣದಲ್ಲಿ ಸೀರಿಯಲ್ ಹಾಕಿ ವಾರಂಟಿ ಕೊನೇ ದಿನ ನೋಡಿ. ಕಂಪ್ಯೂಟರ್ ತಯಾರಕರಿಗೆಂದು ಹೋದ ಡಿಸ್ಕಿಗೆ ಬಿಡಿ ಗ್ರಾಹಕರ ವಾರಂಟಿ ಇರಲ್ಲ.

ಸೆಂಟರಿನ ಇನ್ನೊಂದು ಮೋಸ ಹೇಳಿ ಮುಗಿಸ್ತೀನಿ. ಸೆಟ್ ವಾರಂಟಿಯಲ್ಲಿರುತ್ತೆ, ಗ್ರಾಹಕರಿಗೆ "ಇದು ಕವರ್ ಆಗಲ್ಲ" ಅಂತ ಹೇಳಿ ನಗದು ತಗೊಳ್ತಾರೆ, ಕಂಪನಿಗೆ ಅದೇ ಕೆಲಸವನ್ನ ವಾರಂಟಿಯಲ್ಲಿ ತೋರಿಸಿ ಪಾರ್ಟ್ ತರಿಸ್ತಾರೆ. ಇದಕ್ಕೆ ಗುರುತು ಎರಡು: ಜಿಎಸ್‌ಟಿ ಬಿಲ್ ಕೊಡೋಕೆ ಹಿಂದೇಟು, ಮತ್ತು ಮೊಬೈಲಿಗೆ ಬರೋ ಸಂದೇಶದಲ್ಲಿ ಶುಲ್ಕ ಸೊನ್ನೆ ಅಂತ ಇರೋದು. ಕೆಲಸ ಮುಗಿದ ಮೇಲೆ ಕೇಳೋ ಓಟಿಪಿಯನ್ನ ಬಿಲ್ ಕೈಗೆ ಬಂದು, ಸಂದೇಶ ಓದಿದ ಮೇಲೇ ಹೇಳಿ. ದುಡ್ಡು ಕೊಟ್ಟು ಹಾಕಿಸಿದ ಪಾರ್ಟ್ ಆದ್ರೆ ಹಳೇದನ್ನ ವಾಪಸ್ ಕೇಳಿ.

ರಾಯಚೂರು_ಹುಡುಗ

ಡೆಬಿಟ್ ವಿಷಯ ಗೊತ್ತಿರಲಿಲ್ಲ, ಆ ವಾದ ಬಿಟ್ಟೆ. ಇನ್ನೊಂದು ಕೇಳ್ತೀನಿ ಮೇಡಂ. ಹೊರಗಡೆ ಬ್ಯಾಟರಿ ಹಾಕಿಸಿದ್ರೆ ಪೂರ್ತಿ ವಾರಂಟಿ ಹೋಯ್ತು ಅಂತಾರಲ್ಲ, ಅದು ಕಾನೂನಾ? ಸೆಂಟರ್ ನಿರಾಕರಿಸಿದ ಮೇಲೆ ಒಂದೊಂದಾಗಿ ಏನು ಮಾಡಬೇಕು?

ಗ್ರಾಹಕ_ಕಾನೂನು

ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಇದೆ, ಕಂಪನಿಯದ್ದೇ ಪಾರ್ಟ್, ಸೇವೆ ಬಳಸಿದ್ರೆ ಮಾತ್ರ ವಾರಂಟಿ ಅನ್ನೋ ಷರತ್ತನ್ನ ಅದು ಸಾಮಾನ್ಯವಾಗಿ ಒಪ್ಪಲ್ಲ. "ಸ್ಟಿಕ್ಕರ್ ಹರಿದ್ರೆ ವಾರಂಟಿ ರದ್ದು" ಥರದ ಷರತ್ತು ಹಾಕಿದ್ದ ಆರು ಕಂಪನಿಗಳಿಗೆ ಅಲ್ಲಿನ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2018ರಲ್ಲಿ ಎಚ್ಚರಿಕೆ ಪತ್ರ ಕಳಿಸಿತು. ಅದೇ ವರ್ಷ ಆಸ್ಟ್ರೇಲಿಯಾದ ನ್ಯಾಯಾಲಯ, ಹೊರಗೆ ಸ್ಕ್ರೀನ್ ಹಾಕಿಸಿದವರಿಗೆ ಪರಿಹಾರದ ಹಕ್ಕೇ ಇಲ್ಲ ಅಂತ ಹೇಳಿದ್ದಕ್ಕೆ ಆ್ಯಪಲ್‌ಗೆ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ನಮ್ಮಲ್ಲಿ ಅಷ್ಟು ನೇರವಾದ ಕಾಯ್ದೆ ಇಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ. ಅದರಲ್ಲಿ ಕಂಪನಿಗಳ ಸೇವೆ, ಬಿಡಿಭಾಗ, ವಾರಂಟಿಯ ಮಾಹಿತಿ ಸಿಗುತ್ತೆ, ಆದ್ರೆ ಅದು ಹಕ್ಕನ್ನ ಹೇರೋ ಕಾಯ್ದೆ ಅಲ್ಲ. ಹೊರಗೆ ಹಾಕಿದ ಬ್ಯಾಟರಿಗೂ ಕೆಟ್ಟ ಕ್ಯಾಮೆರಾಕ್ಕೂ ಸಂಬಂಧ ಇಲ್ಲ, ಸಂಬಂಧ ಇದೆ ಅಂತ ಕಂಪನಿ ತೋರಿಸಲಿ ಅಂತ ಆಯೋಗದ ಮುಂದೆ ವಾದಿಸಬಹುದು. ಷರತ್ತೇ ಅನ್ಯಾಯದ ಕರಾರು ಅಂತ ಪ್ರಶ್ನಿಸಬೇಕಾದ್ರೆ ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು.

ಕ್ರಮ ಹೀಗಿರಲಿ. ಸೆಟ್ ಕೊಡೋ ಮೊದಲು ಆರೂ ಬದಿಯ ಫೋಟೋ, ಸಿಮ್ ಗೂಡಿನ ಚುಕ್ಕಿಯ ಫೋಟೋ, ದೋಷದ ವಿಡಿಯೋ ತೆಗೆದಿಡಿ. ಡೇಟಾ ಬ್ಯಾಕಪ್ ಮಾಡಿ ಅಳಿಸಿ. ಜಾಬ್ ಶೀಟಿನಲ್ಲಿ ಐಎಂಇಐ, ದೋಷ, ಹೊರಮೈ ಸ್ಥಿತಿ ಮೂರೂ ಬರೆದಿರಬೇಕು. "ಕಂಡೀಷನ್" ಜಾಗ ಖಾಲಿ ಬಿಟ್ಟ ಶೀಟಿಗೆ ಸಹಿ ಹಾಕಬೇಡಿ, ಆಮೇಲೆ ಅಲ್ಲಿ ಏನು ಬೇಕಾದ್ರೂ ಸೇರಿಸಬಹುದು. ನಿಮ್ಮಿಂದಾದ ಪೆಟ್ಟು ಇದ್ರೆ ನೀವೇ ಬರೆಸಿ.

ನಿರಾಕರಿಸಿದ ದಿನವೇ ಸೆಂಟರಿಗೂ ಕಂಪನಿಗೂ ಮೇಲ್ ಹಾಕಿ. ಹೆಚ್ಚು ಬೈಗುಳ ಬೇಡ, ಇಷ್ಟು ಸಾಕು:

"ಜಾಬ್ ಶೀಟ್ ಸಂಖ್ಯೆ ____, ಐಎಂಇಐ ____. ದಿನಾಂಕ ____ ರಂದು ನನ್ನ ವಾರಂಟಿ ಕೋರಿಕೆಯನ್ನು ನಿರಾಕರಿಸಿದ್ದೀರಿ. ನಿರಾಕರಣೆಗೆ ಕಾರಣ, ಅದಕ್ಕೆ ಆಧಾರವಾದ ಷರತ್ತು, ಐಎಂಇಐ ಕಾಣುವಂತೆ ತೆಗೆದ ಒಳಭಾಗದ ಫೋಟೋ ಮತ್ತು ತಪಾಸಣಾ ವರದಿಯನ್ನು 7 ದಿನಗಳೊಳಗೆ ಕಳುಹಿಸಿ. ಸೆಟ್ಟನ್ನು ಈಗಿರುವ ಸ್ಥಿತಿಯಲ್ಲೇ, ಯಾವ ಭಾಗವನ್ನೂ ಬದಲಿಸದೆ ಹಿಂದಿರುಗಿಸಿ."

ಬಾಯಿಮಾತಿನಲ್ಲಿ "ಲಿಕ್ವಿಡ್" ಅಂದವರು ಎಷ್ಟೋ ಸಲ ಬರವಣಿಗೆಯಲ್ಲಿ ಕೊಡಿ ಅಂದಾಗ ಮತ್ತೆ ಪರೀಕ್ಷಿಸ್ತಾರೆ. ಉತ್ತರ ಬರದಿದ್ರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ರೆ ಲೀಗಲ್ ನೋಟಿಸ್, ನಂತರ ಇ-ಜಾಗೃತಿ ಪೋರ್ಟಲಿನಲ್ಲಿ ಜಿಲ್ಲಾ ಆಯೋಗಕ್ಕೆ ದೂರು. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ದೂರಿಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ಹಾಕಬೇಕು.

ಹೆಚ್ಚಿನವರು ಬಳಸದೇ ಬಿಡೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 38(2)(ಸಿ). ಪರೀಕ್ಷೆಯಿಲ್ಲದೆ ದೋಷ ತೀರ್ಮಾನಿಸಲಾಗದಿದ್ರೆ ಆಯೋಗವೇ ವಸ್ತುವನ್ನ ಮೊಹರು ಮಾಡಿ ಲ್ಯಾಬಿಗೆ ಕಳಿಸುತ್ತೆ, ವರದಿಗೆ 45 ದಿನ. ಲ್ಯಾಬ್ ಶುಲ್ಕ ಮೊದಲು ದೂರುದಾರರೇ ಕಟ್ಟಬೇಕು. ಹಾಗಾಗಿ ನಿರಾಕರಿಸಿದ ಸೆಟ್ಟನ್ನ ಪಕ್ಕದ ಅಂಗಡಿಯಲ್ಲಿ ಬಿಚ್ಚಿಸಬೇಡಿ. ಬಿಚ್ಚಿದ ಕ್ಷಣಕ್ಕೆ ನಿಮ್ಮ ಸಾಕ್ಷ್ಯ ಹಾಳಾಯ್ತು.

ಕಡಲತಡಿ

ಸಹಾಯವಾಣಿ ಮಾತು ಬಂತಲ್ಲ, ಒಂದು ಎಚ್ಚರಿಕೆ. ಕಂಪನಿಯ ಕಸ್ಟಮರ್ ಕೇರ್ ನಂಬರನ್ನ ಗೂಗಲ್ಲಿನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡ್ಬೇಡಿ. ಅದರಲ್ಲಿ ಖದೀಮರ ನಂಬರ್ ಉಂಟು. "ವಾರಂಟಿ ಚಾಲೂ ಮಾಡ್ಲಿಕ್ಕೆ 10 ರೂಪಾಯಿ ಕಳ್ಸಿ" ಅಂತ ಲಿಂಕ್ ಕೊಡ್ತಾರೆ, ಪರದೆ ಹಂಚಿಕೊಳ್ಳೋ ಆ್ಯಪ್ ಹಾಕಿಸ್ತಾರೆ. ನಂಬರ್ ಡಬ್ಬಿಯ ಮೇಲಿಂದ ಅಥವಾ ಕಂಪನಿಯ ಸ್ವಂತ ಜಾಲತಾಣದಿಂದ ತಗೊಳ್ಳಿ. ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೈಕ್ರೋಸ್ಕೋಪ್_ಬೆಂಚ್

ನಿಜಕ್ಕೂ ನೀರಿಗೆ ಬಿದ್ದವರು ಏನು ಮಾಡಬೇಕು ಅಂತ ಯಾರೂ ಬರೆದಿಲ್ಲ. ತಕ್ಷಣ ಆಫ್ ಮಾಡಿ. ಆನ್ ಆಗುತ್ತಾ ಅಂತ ನೋಡಬೇಡಿ, ಚಾರ್ಜಿಗೆ ಹಾಕಲೇಬೇಡಿ. ಮೇಲೆ ಹೇಳಿದ ಪ್ಲಸ್ ಪಿನ್ನು ಕರಗೋದು ಆಗಲೇ. ಅಕ್ಕಿ ಡಬ್ಬದಲ್ಲಿ ಹುಗಿಯೋದರಿಂದ ಶೀಲ್ಡಿನ ಒಳಗಿನ ನೀರು ಬರಲ್ಲ, ಹಿಟ್ಟು ಮಾತ್ರ ಪೋರ್ಟಿಗೆ ಸೇರುತ್ತೆ. ಹೇರ್ ಡ್ರೈಯರ್ ಬಿಸಿಗೆ ಅಂಟು ಸಡಿಲ ಆಗುತ್ತೆ. ಆದಷ್ಟು ಬೇಗ ಬಿಚ್ಚಿಸಿ, ಬ್ಯಾಟರಿ ಕನೆಕ್ಟರ್ ತೆಗೆಸಿ, 99% ಐಪಿಎಯಲ್ಲಿ ತೊಳೆಸಿ. ಉಪ್ಪುನೀರಾದ್ರೆ ಗಂಟೆಗಳೂ ಮುಖ್ಯ.

ಅಪಘಾತ ರಕ್ಷಣೆಯ ಯೋಜನೆ ಕೊಂಡಿದ್ರೆ ಬಿಚ್ಚಿಸೋ ಮೊದಲು ಅವರಿಗೆ ತಿಳಿಸಿ, ಎಷ್ಟು ಗಂಟೆಯೊಳಗೆ ತಿಳಿಸಬೇಕು ಅಂತ ಷರತ್ತಿನಲ್ಲಿರುತ್ತೆ. ಅಲ್ಲಿ "ನೀರಿಗೆ ಬಿತ್ತು" ಅಂತ ಸತ್ಯ ಹೇಳಿದ್ರೇ ಕ್ಲೇಮ್ ಸಿಗೋದು. "ತಾನಾಗೇ ಕೆಟ್ಟಿತು" ಅಂದ್ರೆ ಅದು ವಾರಂಟಿಯ ವಿಷಯ ಅಂತ ಅವರೂ, ನೀರು ಹೋಗಿದೆ ಅಂತ ಕಂಪನಿಯವರೂ ಕೈ ಚೆಲ್ತಾರೆ. ಯೋಜನೆ ಇಲ್ಲದಿದ್ರೆ ಸೆಂಟರಿನಲ್ಲಿ ನೀರು ಹೋಗಿದೆ ಅಂತಲೇ ಬರೆಸಿ, ಯಾವ ಪಾರ್ಟಿಗೆ ಎಷ್ಟು ಅಂತ ಬಿಡಿಬಿಡಿ ಅಂದಾಜು ಕೇಳಿ. ಎಷ್ಟೋ ಸಲ ಹೋಗಿರೋದು ಚಾರ್ಜಿಂಗ್ ಬೋರ್ಡ್ ಮಾತ್ರ. ಪೂರ್ತಿ ಮದರ್‌ಬೋರ್ಡ್ ಬದಲಿಸಬೇಕು ಅಂದ್ರೆ ಬೋರ್ಡಿನಲ್ಲಿ ಏನು ಶಾರ್ಟ್ ಆಗಿದೆ ಅಂತ ಕೇಳಿ, ಉತ್ತರ ಬರೆಸಿಕೊಂಡು ಆಮೇಲೆ ಒಪ್ಪಿಗೆ ಕೊಡಿ.